ಕಲಹಾರಿಯ ಮರಾಮಾ ಕಾಳು

ಮರಾಮಾ ಎಂಬುದು ಆಫ್ರಿಕಾ ಖಂಡದ ದಕ್ಷಿಣ ಭಾಗದ ಕಲಹಾರಿ ಮರಳುಸೀಮೆಯಲ್ಲಿ ತಾನಾಗಿ ಬೆಳೆಯುವ ಒಂದು ದ್ವಿದಳ ಬಳ್ಳಿ. ಬೋಟ್ಸ್ವಾನ, ನಮೀಬಿಯಾ ಹಾಗೂ ದಕ್ಷಿಣ ಆಫ್ರಿಕಾ ದೇಶದ ಉತ್ತರ ಭಾಗ ಇದರ ತವರು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಟೈಲೋಸಿಮಾ ಎಸ್ಕುಲೆಂಟಮ್. ಯಾರೂ ಇದನ್ನು ಬಿತ್ತುವುದಿಲ್ಲ, ನೀರು ಹಾಯಿಸುವುದಿಲ್ಲ, ಗೊಬ್ಬರ ಕೊಡುವುದಿಲ್ಲ. ಹಾಗಿದ್ದೂ ಇದರ ಕಾಳಿನಲ್ಲಿರುವ ಪ್ರೋಟೀನು ಸೋಯಾ ಅವರೆಯ ಹತ್ತಿರಕ್ಕೆ ಬರುತ್ತದೆ, ಎಣ್ಣೆ ಶೇಂಗಾದ ಹತ್ತಿರಕ್ಕೆ ಬರುತ್ತದೆ. ನೆಲದಡಿಯಲ್ಲಿ ತಿನ್ನಲು ಬರುವ ಗಡ್ಡೆಯೂ ಇದೆ. ಒಂದೇ ಬಳ್ಳಿಯಲ್ಲಿ ಇಷ್ಟೆಲ್ಲ ಇದ್ದರೂ ಮರಾಮಾ ಇಂದಿಗೂ ಕಾಡುಗಿಡವಾಗಿಯೇ ಉಳಿದಿದೆ. ಬೆಳೆಯಾಗಿಸಲು ನಡೆದ ಪ್ರಯತ್ನಗಳು ಕಡಿಮೆಯೇನಲ್ಲ. ಅವು ಎಲ್ಲಿ ಎಡವಿದವು ಎಂದು ತಿಳಿಯಬೇಕಾದರೆ ಬಳ್ಳಿ ಬರಗಾಲವನ್ನು ಕಳೆಯುವ ಬಗೆಯನ್ನು ಮೊದಲು ನೋಡಬೇಕು.

ಕಲಹಾರಿಯನ್ನು ಮರುಭೂಮಿ ಎಂದು ಕರೆಯುವುದು ರೂಢಿ. ಸಹಾರಾದ ಚಿತ್ರ ನೋಡಿದವರು ಇಲ್ಲಿಯೂ ಬೋಳು ದಿಬ್ಬಗಳನ್ನೇ ಊಹಿಸುತ್ತಾರೆ. ನಿಜದಲ್ಲಿ ಇದರ ಬಹುಭಾಗ ಹುಲ್ಲು, ಮುಳ್ಳುಕಂಟಿ, ಅಲ್ಲೊಂದು ಇಲ್ಲೊಂದು ಜಾಲಿ ಜಾತಿಯ ಮರ ಇರುವ ಕುರುಚಲು ಬಯಲು. ನೈರುತ್ಯದ ಅಂಚಿನಲ್ಲಿ ವರ್ಷಕ್ಕೆ 150 ಮಿಲಿಮೀಟರಿನಷ್ಟು ಮಳೆಯಾದರೆ ಈಶಾನ್ಯದ ಕಡೆ 500 ಮಿಲಿಮೀಟರ್ ದಾಟುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತರಿಗೆ 500 ಮಿಲಿಮೀಟರಿನ ಆಸುಪಾಸಿನ ಮಳೆ ಹೊಸದೇನಲ್ಲ. ಅಷ್ಟರಲ್ಲೇ ಅವರು ಶೇಂಗಾ ಬೆಳೆಯುತ್ತಾರೆ. ಆದರೆ ಅಲ್ಲಿನ ಕೆಂಪುಮಣ್ಣು ಬಿದ್ದ ಮಳೆಯ ಒಂದಷ್ಟನ್ನಾದರೂ ಹಿಡಿದಿಟ್ಟುಕೊಳ್ಳುತ್ತದೆ, ಕಟ್ಟೆ ಕೆರೆಗಳಲ್ಲಿ ನೀರು ನಿಲ್ಲುತ್ತದೆ. ಕಲಹಾರಿಯ ಆಳವಾದ ಮರಳಿನಲ್ಲಿ ಬಿದ್ದ ಮಳೆ ಇಂಗಿ ಇಳಿದುಹೋಗುತ್ತದೆ. ಉಳಿದದ್ದನ್ನು ಬಿಸಿಲು ಹೀರುತ್ತದೆ. ಬೇಸಿಗೆಯ ಹಗಲಿನಲ್ಲಿ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಜೂನ್, ಜುಲೈ ಅಲ್ಲಿ ಚಳಿಗಾಲ. ಆಗಿನ ರಾತ್ರಿಗಳಲ್ಲಿ ಹಿಮಗಟ್ಟುವುದೂ ಉಂಟು. ಮಳೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಬರಬೇಕು. ಒಂದು ವರ್ಷ ಬಂದರೆ ಮತ್ತೊಂದು ವರ್ಷ ಕೈಕೊಡುತ್ತದೆ. ಮರಳಿನಲ್ಲಿ ಸಾರಜನಕವೂ ರಂಜಕವೂ ತೀರಾ ಕಡಿಮೆ. ಇಂಥ ನೆಲದಲ್ಲಿ ಬೀಜ ಬಿದ್ದು ಮೊಳೆತು ಬದುಕುವುದೇ ಒಂದು ಸಾಹಸ.

ಮರಾಮಾ ನೆಲಕ್ಕಂಟಿ ಹರಡುವ ಬಳ್ಳಿ. ಒಂದೇ ಬುಡದಿಂದ ಹಲವು ಹಂಬುಗಳು ಹೊರಟು ಎಲ್ಲ ದಿಕ್ಕಿಗೂ ಮೂರು ಮೀಟರ್‌ವರೆಗೆ, ಕೆಲವೊಮ್ಮೆ ಅದಕ್ಕೂ ದೂರ, ಹಬ್ಬುತ್ತವೆ. ಎರಡಾಗಿ ಕವಲೊಡೆದ ಕುಡಿಗಳಿದ್ದರೂ ಹತ್ತಲು ಮರ ಸಿಗುವುದು ಅಪರೂಪ. ಹುಲ್ಲಿನ ಬುಡವನ್ನೋ ಪಕ್ಕದ ಹಂಬನ್ನೋ ಸುತ್ತಿಕೊಂಡು ತೃಪ್ತಿಪಡಬೇಕು. ಚಳಿಗಾಲ ಬಂತೆಂದರೆ ನೆಲದ ಮೇಲಿನ ಭಾಗವೆಲ್ಲ ಒಣಗಿ ಹೋಗುತ್ತದೆ. ಬಿಸಿಲು ಏರತೊಡಗುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಎಷ್ಟೋ ಸಲ ಮೊದಲ ಮಳೆ ಬೀಳುವ ಮುನ್ನವೇ, ಅದೇ ಬುಡದಿಂದ ಕೆಂಪು ಛಾಯೆಯ ಹೊಸ ಚಿಗುರು ಹೊರಡುತ್ತದೆ. ಮಳೆಗೆ ಕಾಯದೆ ಚಿಗುರುವ ಈ ಧೈರ್ಯ ಬರುವುದು ನೆಲದಡಿಯ ದಾಸ್ತಾನಿನಿಂದ.

ಎಲೆಯನ್ನು ಕಂಡರೆ ಕನ್ನಡಿಗರಿಗೆ ಗುರುತು ಹತ್ತಬಹುದು. ಗೊರಸಿನ ಹಾಗೆ ನಡುವೆ ಸೀಳಿದ ಎರಡು ಹೋಳಿನ ಎಲೆ, ನಮ್ಮ ಬಸವನಪಾದ, ಮಂದಾರ ಗಿಡಗಳದ್ದೇ ಅಚ್ಚು. ಉತ್ತರ ಕರ್ನಾಟಕದ ಕೆಲವು ಕಡೆ ವಿಜಯದಶಮಿಯಂದು ಬನ್ನಿಯ ಜೊತೆ ಕೈಬದಲಾಗುವ ಆಪ್ಟೆ ಎಲೆಯೂ ಇದೇ ಬಳಗದ್ದು. ಮರಾಮಾವನ್ನು ಮೊದಲಿಗೆ ಮಂದಾರದ ಕುಲವಾದ ಬೌಹಿನಿಯಾದಲ್ಲೇ ಸೇರಿಸಿದ್ದರು. 1960ರಲ್ಲಿ ಟೈಲೋಸಿಮಾ ಎಂಬ ಬೇರೆ ಕುಲಕ್ಕೆ ವರ್ಗಾಯಿಸಿದರು. ಆಫ್ರಿಕಾದಲ್ಲಿ ಮಾತ್ರ ಕಾಣಸಿಗುವ ಈ ಪುಟ್ಟ ಕುಲದಲ್ಲಿರುವುದು ಬೆರಳೆಣಿಕೆಯ ಪ್ರಭೇದಗಳು. ತಿನ್ನುವ ಕಾಳಿಗೆ ಹೆಸರಾದದ್ದು ಮುಖ್ಯವಾಗಿ ಮರಾಮಾ.

ಎಲೆಯ ಎರಡು ಹೋಳುಗಳು ಬರೀ ಅಂದಕ್ಕಿಲ್ಲ. ಬೆಳಗಿನ ಹೊತ್ತು ಅವು ಬಿಚ್ಚಿಕೊಂಡಿರುತ್ತವೆ. ಬಿಸಿಲು ಏರಿದಂತೆ, ಅದರಲ್ಲೂ ನೆಲ ಒಣಗಿದ ದಿನಗಳಲ್ಲಿ, ನಡುನರವನ್ನು ತಿರುಗಣಿಯಾಗಿಸಿಕೊಂಡು ಎರಡೂ ಹೋಳುಗಳು ಒಂದಕ್ಕೊಂದು ಮುಖಾಮುಖಿಯಾಗಿ ಮಡಚಿಕೊಳ್ಳುತ್ತವೆ. ನೆತ್ತಿಯ ಮೇಲಿನ ಸೂರ್ಯನಿಗೆ ಆಗ ಸಿಗುವುದು ಎಲೆಯ ಅಂಚು ಮಾತ್ರ. ಬಿಸಿಲಿನ ಹೊರೆ ಇಳಿಯುತ್ತದೆ, ಎಲೆ ಕಾಯುವುದು ಕಡಿಮೆಯಾಗುತ್ತದೆ, ಆವಿಯಾಗುವ ನೀರೂ ಉಳಿಯುತ್ತದೆ. ಸಂಜೆಗೆ ತಂಪು ಬಿದ್ದಾಗ ಮತ್ತೆ ಬಿಚ್ಚಿಕೊಳ್ಳುತ್ತವೆ. ನಡುಹಗಲಲ್ಲಿ ನೋಡಿದವರಿಗೆ ಬಳ್ಳಿ ಬಾಡಿದಂತೆ ಕಾಣಬಹುದು, ಆದರೆ ಅದು ಬಾಡಿರುವುದಿಲ್ಲ.

ಕುಂಡದಲ್ಲಿ ಬೆಳೆಸಿ ನೀರು ನಿಲ್ಲಿಸಿ ನೋಡಿದ ಪ್ರಯೋಗಗಳು ನೀರು ಉಳಿಸುವ ಈ ಬಗೆಯನ್ನು ಇನ್ನಷ್ಟು ಸ್ಪಷ್ಟಪಡಿಸಿವೆ. ಬರ ತಾಳುವ ಅನೇಕ ಗಿಡಗಳು ತಮ್ಮ ಜೀವಕೋಶಗಳಲ್ಲಿ ಸಕ್ಕರೆ, ಲವಣಗಳನ್ನು ಹೆಚ್ಚಿಸಿಕೊಂಡು ಒಣಮಣ್ಣಿನಿಂದಲೂ ನೀರೆಳೆಯುವ ಹಟಕ್ಕೆ ಬೀಳುತ್ತವೆ. ಮರಾಮಾ ಆ ಗೋಜಿಗೆ ಹೋಗುವುದಿಲ್ಲ. ಮಣ್ಣು ಒಣಗತೊಡಗಿದ ಸುಳಿವು ಸಿಕ್ಕ ಕೂಡಲೇ, ಎಲೆಯಲ್ಲಿ ನೀರು ಧಾರಾಳವಾಗಿ ಇರುವಾಗಲೇ, ಪತ್ರರಂಧ್ರಗಳನ್ನು ಕಿರಿದುಗೊಳಿಸಿಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ರಂಧ್ರಗಳಿಂದ. ಹಾಗಾಗಿ ನೀರು ಉಳಿಸಿದ ದಿನ ಆಹಾರ ತಯಾರಿಕೆಯೂ ಇಳಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಎಲೆಗಳಿಗೆ ಬೇಕಾದ ನೀರನ್ನು ಗಡ್ಡೆ ಪೂರೈಸುತ್ತದೆ. ಮಳೆ ಬಂದ ಮೇಲೆ ಎಲೆ ಮತ್ತೆ ದುಡಿಯತೊಡಗುತ್ತದೆ. ನೀರಿದ್ದಾಗ ಬೆಳೆ, ಇಲ್ಲದಾಗ ಸುಮ್ಮನಿರು ಎಂಬ ಈ ಮಿತವ್ಯಯವೇ ಬಳ್ಳಿಯ ಬಲ. ಬೇಗ ಫಸಲು ಬಯಸುವವರಿಗೆ ಅಡ್ಡಿಯಾಗಿ ನಿಂತಿರುವುದೂ ಇದೇ.

ಗಡ್ಡೆಯ ವಿಚಾರಕ್ಕೆ ಬಂದರೆ, ಮರಾಮಾದ ಬದುಕೆಲ್ಲ ಇರುವುದು ಅಲ್ಲೇ. ಬೀಜ ಮೊಳೆತ ಮೊದಲ ತಿಂಗಳುಗಳಿಂದಲೇ ತಾಯಿಬೇರು ಊದಿಕೊಳ್ಳಲು ಶುರುವಾಗುತ್ತದೆ. ಎಳೆಯ ಗಿಡ ಮೇಲೆ ಒಂದಿಷ್ಟು ಎಲೆ ಬಿಟ್ಟು, ದುಡಿದದ್ದನ್ನೆಲ್ಲ ಕೆಳಗೆ ಸಾಗಿಸುತ್ತದೆ. ಒಂದೆರಡು ವರ್ಷದ ಗಡ್ಡೆ ಒಂದು ಕಿಲೋ ತೂಗಬಹುದು. ಹತ್ತು ಕಿಲೋ ದಾಟಿದ ಗಡ್ಡೆಗಳು ಕಲಹಾರಿಯಲ್ಲಿ ಅಚ್ಚರಿಯೇನಲ್ಲ. ಬೋಟ್ಸ್ವಾನದ ಒಂದು ಗಡ್ಡೆ 277 ಕಿಲೋ ತೂಗಿದ್ದು ದಾಖಲಾಗಿದೆ. ಗಡ್ಡೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಆ ಲೆಕ್ಕದಲ್ಲಿ ಆ ಒಂದು ಗಡ್ಡೆ ಸುಮಾರು 250 ಲೀಟರ್ ನೀರು ಹೊತ್ತು ಕೂತಿತ್ತು. ಇಂಥ ಗಡ್ಡೆ ಒಂದೆರಡು ಮಳೆಗಾಲದಲ್ಲಿ ಆಗುವುದಲ್ಲ. ದಶಕಗಳ ಉಳಿತಾಯ ಬೇಕು.

ಎಳೆಯ ಗಡ್ಡೆಯನ್ನು ಕೆಂಡದಲ್ಲಿ ಸುಟ್ಟೋ ಬೇಯಿಸಿಯೋ ತಿನ್ನುತ್ತಾರೆ, ಸಿಹಿಯಾಗಿರುತ್ತದೆ. ಎರಡು ವರ್ಷ ದಾಟಿದರೆ ನಾರು ಬಲಿತು ಒಗರು, ಕಹಿ ಸೇರುತ್ತದೆ. ಬಲಿತ ಗಡ್ಡೆಯ ಬೆಲೆ ಅದರ ನೀರಿನಲ್ಲಿದೆ. ಎಲ್ಲೂ ನೀರಿಲ್ಲದ ದಿನಗಳಲ್ಲಿ ಅಗೆದು, ತುರಿದು, ಹಿಂಡಿ ಕುಡಿಯುವುದು ಕಲಹಾರಿಯ ಜನರಿಗೆ ಗೊತ್ತಿರುವ ಕೊನೆಯ ಉಪಾಯ. ಗಡ್ಡೆ ಅಗೆದರೆ ಬಳ್ಳಿ ಹೋಯಿತು, ಬಿಟ್ಟರೆ ವರ್ಷವರ್ಷ ಕಾಳು ಎಂಬ ತಿಳಿವಳಿಕೆಯೂ ಅವರಿಗಿದೆ.

ಹೂ ಬಿಡುವುದು ನಡುಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್ ಜನವರಿಯ ಸುತ್ತಮುತ್ತ. ಹಂಬಿನ ಉದ್ದಕ್ಕೂ ಗೊಂಚಲುಗಳಲ್ಲಿ ಉಜ್ವಲ ಹಳದಿ ಹೂಗಳು. ನಾಲ್ಕು ಎಸಳು ದೊಡ್ಡವು, ಸುಕ್ಕುಸುಕ್ಕಾದ ಅಂಚಿನವು, ಐದನೆಯದು ಸಣ್ಣದು. ಇವುಗಳಲ್ಲಿ ಒಂದು ವಿಚಿತ್ರವಿದೆ. ಕೆಲವು ಬಳ್ಳಿಗಳ ಹೂಗಳಲ್ಲಿ ಶಲಾಕೆ ಉದ್ದ, ಕೇಸರ ಗಿಡ್ಡ. ಬೇರೆ ಬಳ್ಳಿಗಳಲ್ಲಿ ಶಲಾಕೆ ಗಿಡ್ಡ, ಕೇಸರ ಉದ್ದ. ಒಂದು ಬಳ್ಳಿಯಲ್ಲಿ ಒಂದೇ ಬಗೆ. ಉದ್ದ ಶಲಾಕೆಯ ಹೂವಿಗೆ ಗಿಡ್ಡ ಶಲಾಕೆಯ ಬಳ್ಳಿಯಿಂದಲೇ ಪರಾಗ ಬರಬೇಕು. ತನ್ನದೇ ಪರಾಗ ಬಿದ್ದರೆ ಕಾಯಿ ಕಟ್ಟುವುದಿಲ್ಲ. ದ್ವಿದಳ ಸಸ್ಯಗಳಲ್ಲಿ ತೀರಾ ಅಪರೂಪವಾದ ಈ ಏರ್ಪಾಡು ಮರಾಮಾದಲ್ಲಿ ಕೆಲಸ ಮಾಡುತ್ತಿದೆ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಕ್ಕಪಕ್ಕದಲ್ಲಿ ಎರಡೂ ಬಗೆಯ ಬಳ್ಳಿಗಳಿರಬೇಕು, ಹೊತ್ತಿಗೆ ಸರಿಯಾಗಿ ಕೀಟಗಳು ಸುಳಿಯಬೇಕು. ಬಿಟ್ಟ ಹೂವಿನ ರಾಶಿಗೆ ಹೋಲಿಸಿದರೆ ನಿಂತ ಕಾಯಿ ತೀರಾ ಕಡಿಮೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಮರಾಮಾದ ಮತ್ತೊಂದು ಗುಣ ಪಠ್ಯಪುಸ್ತಕ ಓದಿದವರನ್ನು ತಬ್ಬಿಬ್ಬುಗೊಳಿಸುತ್ತದೆ. ದ್ವಿದಳ ಎಂದ ಕೂಡಲೇ ಬೇರುಗಂಟು, ಅದರೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ, ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವ ಉಪಕಾರ, ಇವೆಲ್ಲ ನೆನಪಾಗುತ್ತವೆ. ಹೆಸರು, ಹುರುಳಿ, ಅಲಸಂದೆಗಳಿಗೆ ಇದು ನಿಜ. ಮರಾಮಾದ ಬೇರಿನಲ್ಲಿ ಗಂಟುಗಳೇ ಇಲ್ಲ. 2017ರಲ್ಲಿ ದ್ವಿದಳ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಮರುವಿಂಗಡಿಸಿದಾಗ ಮಂದಾರ ಮತ್ತು ಮರಾಮಾ ಎರಡೂ ಸೆರ್ಸಿಡಾಯ್ಡೇ ಎಂಬ ಉಪಕುಟುಂಬಕ್ಕೆ ಬಂದವು. ಇಡೀ ಆ ಶಾಖೆಗೇ ಬೇರುಗಂಟಿನ ಪದ್ಧತಿ ಇಲ್ಲ. ಬಡ ಮರಳಿನಲ್ಲಿ ನಿಂತು, ಗಾಳಿಯಿಂದ ಸಾರಜನಕವನ್ನೂ ಪಡೆಯದೆ, ಕಾಳಿನಲ್ಲಿ ಮೂರನೆಯ ಒಂದು ಪಾಲು ಪ್ರೋಟೀನು ತುಂಬುವುದೆಂದರೆ ಸಣ್ಣ ಮಾತಲ್ಲ. ದೂರಕ್ಕೂ ಆಳಕ್ಕೂ ಹೋದ ಬೇರು, ವರ್ಷಗಟ್ಟಲೆ ಕೂಡಿಟ್ಟುಕೊಳ್ಳುವ ಗಡ್ಡೆ, ಬಿಡುವ ಕಾಯಿ ಕೆಲವೇ ಕೆಲವು ಎಂಬ ಸಂಯಮ ಇದಕ್ಕೆ ನೆರವಾಗಿವೆ.

ಕಾಯಿ ಚಪ್ಪಟೆ, ಅಂಡಾಕಾರ, ಬಲಿತ ಮೇಲೆ ಮರದಷ್ಟು ಗಟ್ಟಿ. ಸಾಮಾನ್ಯವಾಗಿ ಒಂದು ಕಾಯಿಯಲ್ಲಿ ಒಂದೋ ಎರಡೋ ಬೀಜ. ಏಪ್ರಿಲ್ ಮೇ ಹೊತ್ತಿಗೆ ಕಾಯಿ ಬಿರಿದು ಕೆಂಗಂದು ಬಣ್ಣದ ದುಂಡನೆಯ ಬೀಜಗಳು ಮರಳಿಗೆ ಬೀಳುತ್ತವೆ. ಒಂದೊಂದು ಬೀಜ ಎರಡು ಮೂರು ಗ್ರಾಂ ತೂಗುತ್ತದೆ. ಹೊರಸಿಪ್ಪೆ ಎಷ್ಟು ಗಡುಸು ಎಂದರೆ ಹಲ್ಲಿನಿಂದ ಒಡೆಯಲು ಹೋದವರು ಹಲ್ಲನ್ನೇ ಕಳೆದುಕೊಂಡಾರು. ಸಿಪ್ಪೆ ಒಡೆಯದ ಬೀಜ ವರ್ಷಗಟ್ಟಲೆ ಕೆಡುವುದಿಲ್ಲ. ಒಳಗೆ ಕೆನೆಬಣ್ಣದ ಎರಡು ಬೇಳೆ. ಅದರಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟೀನು ನೂರಕ್ಕೆ 29ರಿಂದ 38, ಎಣ್ಣೆ ಬಳ್ಳಿಯಿಂದ ಬಳ್ಳಿಗೆ, ಊರಿಂದ ಊರಿಗೆ ಬದಲಾಗುತ್ತ 24ರಿಂದ 48ರವರೆಗೆ. ಸೋಯಾ ಅವರೆಯಲ್ಲಿ ಎಣ್ಣೆ ಇಪ್ಪತ್ತರ ಆಸುಪಾಸು. ಮರಾಮಾ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಓಲಿಯಿಕ್ ಆಮ್ಲ. ಆಲಿವ್ ಮತ್ತು ಶೇಂಗಾ ಎಣ್ಣೆಯಲ್ಲೂ ಮೇಲುಗೈ ಅದರದ್ದೇ.

ಹಸಿ ಕಾಳನ್ನು ತಿನ್ನುವಂತಿಲ್ಲ. ರುಚಿಯಿಲ್ಲದೆ ಅಂಟಂಟಾಗಿರುವುದು ಒಂದು ಕಾರಣ. ಪ್ರೋಟೀನು ಜೀರ್ಣವಾಗಲು ಬೇಕಾದ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತು ಅದರಲ್ಲಿ ಸೋಯಾಕ್ಕಿಂತಲೂ ಹೆಚ್ಚು ಪ್ರಮಾಣದಲ್ಲಿ ಇರುವುದು ದೊಡ್ಡ ಕಾರಣ. ಹುರಿದರೆ ಅದರ ಕಾಟ ತಪ್ಪುತ್ತದೆ. ಹುರಿಯುವ ಕ್ರಮ ಹೀಗೆ: ಬೆಂಕಿ ಉರಿಸಿ ಕೆಂಡವನ್ನು ಪಕ್ಕಕ್ಕೆಳೆದು, ಕಾದ ಮರಳು ಬೂದಿಯ ಮಿಶ್ರಣದಲ್ಲಿ ಬೀಜಗಳನ್ನು ಹೂಳುತ್ತಾರೆ. ಆಗಾಗ ಕೋಲಿನಿಂದ ಹೊರಳಿಸುತ್ತಾರೆ. ಒಳಗಿನ ಎಣ್ಣೆಯ ವಾಸನೆ ಏಳುತ್ತದೆ, ಸಿಪ್ಪೆ ಬಿರುಕು ಬಿಡುತ್ತದೆ. ಹೊರತೆಗೆದು ಆರಿದ ಮೇಲೆ ಒಂದು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿದರೆ ಬೇಳೆ ಇಡಿಯಾಗಿ ಬೇರಾಗುತ್ತದೆ. ಪೆಟ್ಟು ಜೋರಾದರೆ ಪುಡಿ, ಮೆಲ್ಲಗಾದರೆ ಸಿಪ್ಪೆ ಜಗ್ಗುವುದಿಲ್ಲ; ಹದ ಕೈಗೆ ಗೊತ್ತಿರಬೇಕು. ಹುರಿದ ಬೇಳೆಯನ್ನು ತಿಂದವರು ಗೋಡಂಬಿಯ ಹೆಸರು ಹೇಳುತ್ತಾರೆ. ಹಾಗೆಯೇ ಮೆಲ್ಲುವುದುಂಟು, ಕುಟ್ಟಿ ಪುಡಿಮಾಡಿ ನೀರಲ್ಲೋ ಹಾಲಲ್ಲೋ ಕುದಿಸಿ ಅಂಬಲಿಯಂತೆ ಕುಡಿಯುವುದೂ ಉಂಟು.

ಈ ಜ್ಞಾನವೆಲ್ಲ ಕಲಹಾರಿಯ ಮೂಲನಿವಾಸಿಗಳಾದ ಸ್ಯಾನ್ ಜನರದ್ದು. ಬೇಟೆ ಮತ್ತು ಸಂಗ್ರಹದಿಂದ ಬದುಕಿದ ಈ ಸಮುದಾಯಗಳ ಬಗ್ಗೆ ಹೊರಜಗತ್ತಿಗೆ ವಿವರವಾಗಿ ತಿಳಿದದ್ದು 1950ರ ದಶಕದಿಂದೀಚೆಗೆ. ಅಮೆರಿಕದ ಲೋರ್ನಾ ಮಾರ್ಷಲ್ ಮತ್ತು ಅವರ ಕುಟುಂಬದವರು ಇಂದಿನ ನಮೀಬಿಯಾದ ನೈ ನೈ ಪ್ರದೇಶದಲ್ಲಿ ಸ್ಯಾನರ ಒಂದು ಗುಂಪಾದ ಕುಂಗ್ ಜನರ ನಡುವೆ ದೀರ್ಘಕಾಲ ಉಳಿದು ಅಧ್ಯಯನ ಮಾಡಿದರು. 1963ರಿಂದ ಕೆನಡಾದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಬೋಟ್ಸ್ವಾನದ ದೋಬೆ ಎಂಬಲ್ಲಿ ಕುಂಗ್ ಜನರು ತಂದು ತಿನ್ನುವುದನ್ನೆಲ್ಲ ತೂಗಿ ಲೆಕ್ಕವಿಟ್ಟರು. ಬೇಟೆಗಾರರೆಂದು ಹೆಸರಾದ ಜನರ ಊಟದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 60ರಿಂದ 80 ಪಾಲು ಸಸ್ಯಮೂಲದ್ದು, ಅದನ್ನು ತರುವವರು ಹೆಚ್ಚಾಗಿ ಹೆಂಗಸರು ಎಂಬುದು ಅವರ ಲೆಕ್ಕದಿಂದ ಹೊರಬಿತ್ತು. ಅಲ್ಲಿನ ಮೊದಲ ಆಹಾರ ಮೊಂಗೊಂಗೊ ಎಂಬ ಮರದ ಬೀಜ. ಮರಾಮಾವೂ ಮುಖ್ಯ ಆಹಾರಗಳ ಸಾಲಿನಲ್ಲಿತ್ತು. ಕುಂಗ್ ಜನರ ಮಾತಿನಲ್ಲಿ ಅದು ತ್ಸಿ ಅಥವಾ ತ್ಸಿನ್. ಮರಾಮಾ ದಟ್ಟವಾಗಿರುವ ಜಾಗಗಳು ಬಹಳ ಸಲ ನೀರಿನ ನೆಲೆಯಿಂದ ದೂರ. ಕುಡಿಯುವ ನೀರನ್ನು ಹೊತ್ತೊಯ್ಯಬೇಕು, ಇಲ್ಲವೇ ಕಾಡುಕಲ್ಲಂಗಡಿ ಸಿಗುವ ಕಾಲ ನೋಡಿ ಹೊರಡಬೇಕು. ಯಾವ ಬಯಲಿನಲ್ಲಿ ಬಳ್ಳಿಯಿದೆ, ಹಂಬು ಒಣಗಿ ಹೋದ ಮೇಲೂ ಬುಡ ಎಲ್ಲಿದೆ ಎಂಬುದು ತಾಯಿಯಿಂದ ಮಗಳಿಗೆ ನಡಿಗೆಯಲ್ಲೇ ದಾಟುವ ವಿದ್ಯೆ.

ಯುರೋಪಿನ ಸಸ್ಯಶಾಸ್ತ್ರಕ್ಕೆ ಮರಾಮಾವನ್ನು ಪರಿಚಯಿಸಿದವರು ಇಂಗ್ಲೆಂಡಿನ ವಿಲಿಯಂ ಬರ್ಚೆಲ್. 1811ರಲ್ಲಿ ಕೇಪ್ ಟೌನಿನಿಂದ ಎತ್ತಿನ ಬಂಡಿಯಲ್ಲಿ ಒಳನಾಡಿಗೆ ಹೊರಟ ಅವರು ನಾಲ್ಕು ವರ್ಷ ಸುತ್ತಾಡಿ ಹಿಂತಿರುಗುವಾಗ ಸಸ್ಯ, ಬೀಜ, ಪ್ರಾಣಿಗಳ ಐವತ್ತು ಸಾವಿರಕ್ಕೂ ಮಿಕ್ಕ ಮಾದರಿಗಳನ್ನು ಕೂಡಿಹಾಕಿದ್ದರು. 1824ರಲ್ಲಿ ಬಂದ ಅವರ ಪ್ರವಾಸಗ್ರಂಥದ ಎರಡನೆಯ ಸಂಪುಟದಲ್ಲಿ ಈ ಬಳ್ಳಿಗೆ ಬೌಹಿನಿಯಾ ಎಸ್ಕುಲೆಂಟಾ ಎಂಬ ಹೆಸರು ಬಂತು. ಅದಾದ ಮೇಲೆ ಒಂದೂವರೆ ಶತಮಾನ ಇದರ ಗೊಡವೆಗೆ ಹೋದವರು ಕಡಿಮೆ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ, ಉಷ್ಣವಲಯದ ದ್ವಿದಳಗಳನ್ನು ಕುರಿತ ವರದಿ ಮರಾಮಾವನ್ನು ಭವಿಷ್ಯದ ಬೆಳೆಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ ಮರೆತ ಬೆಳೆಗಳ ಬಗ್ಗೆ 2006ರಲ್ಲಿ ಬಂದ ಸಂಪುಟದಲ್ಲೂ ಅದಕ್ಕೊಂದು ಅಧ್ಯಾಯ ಸಿಕ್ಕಿತು. ಅದೇ ಸಂಪುಟದ ಇನ್ನೊಂದು ಅಧ್ಯಾಯ ಅವರೆಯದು. ಸೊಗಡವರೆಗೆ ಮೇಳವನ್ನೇ ಏರ್ಪಡಿಸುವ ಬೆಂಗಳೂರಿನವರಿಗೆ ಅದನ್ನು ಮರೆತ ಬೆಳೆ ಎನ್ನುವುದು ತಮಾಷೆಯಾಗಿ ಕಂಡೀತು!

ವರದಿಗಳ ಉತ್ಸಾಹ ಹೊಲಕ್ಕೆ ಇಳಿದಾಗ ತೊಡಕುಗಳು ಎದುರಾದವು. ಅಮೆರಿಕದ ಟೆಕ್ಸಾಸಿನ ಒಣ ಪ್ರದೇಶದಲ್ಲಿ 1980ರ ದಶಕದಲ್ಲಿ ಮರಾಮಾವನ್ನು ಬೆಳೆಸಿ ನೋಡಿದರು. ಇಸ್ರೇಲಿನಲ್ಲೂ ಪ್ರಯತ್ನ ನಡೆಯಿತು. ಬಳ್ಳಿಯೇನೋ ಬದುಕಿತು. ಬೀಜದ ಸಿಪ್ಪೆಯನ್ನು ಉಜ್ಜಿ ತೆಳುಮಾಡಿದರೆ ಮೊಳಕೆಯೂ ಸಲೀಸು. ಆದರೆ ಮೊದಲ ಕಾಯಿಗೆ ಎರಡರಿಂದ ನಾಲ್ಕು ವರ್ಷ ಕಾಯಬೇಕು. ಶೇಂಗಾ ನಾಲ್ಕು ತಿಂಗಳೊಳಗೆ ಕೈಗೆ ಬರುತ್ತದೆ. ಸಾಲ ಮಾಡಿ ಬಿತ್ತುವ ಯಾವ ರೈತನೂ ನಾಲ್ಕು ವರ್ಷ ಸುಮ್ಮನಿರಲಾರ. ಮೇಲಾಗಿ ನೆಲಕ್ಕೆ ಹರಡಿದ ಹಂಬುಗಳ ನಡುವೆ ಯಂತ್ರ ಓಡದು. ಕಾಯಿ ಒಟ್ಟಿಗೆ ಬಲಿಯುವುದಿಲ್ಲ. ಬಲಿತದ್ದು ಬಿರಿದು ಬೀಜ ಚೆಲ್ಲುತ್ತದೆ. ಸ್ವಪರಾಗ ಒಪ್ಪದ ಕಾರಣ ಒಳ್ಳೆಯ ಬಳ್ಳಿಯೊಂದು ಸಿಕ್ಕರೂ ಅದರ ಬೀಜದಿಂದ ಹುಟ್ಟುವ ಮರಿಗಳು ತಾಯಿಯಂತೆಯೇ ಇರುತ್ತವೆ ಎಂಬ ಖಾತ್ರಿಯಿಲ್ಲ. ಗೋಧಿ, ಭತ್ತ, ಕಡಲೆಗಳು ಮನುಷ್ಯನ ಕೈಗೆ ಸಿಕ್ಕಿ ಪಳಗಿದ್ದು ಅವು ಏಕವಾರ್ಷಿಕ, ಸ್ವಪರಾಗಿ ಎಂಬ ಅನುಕೂಲದಿಂದ. ಮರಾಮಾದಲ್ಲಿ ಎರಡೂ ಇಲ್ಲ.

ನೀರು ಕೊಟ್ಟು, ಗೊಬ್ಬರ ಹಾಕಿದರೆ ಬೇಗ ಫಲ ಕೊಟ್ಟೀತೇ ಎಂಬ ಯೋಚನೆ ಸಹಜ. ಮಣ್ಣಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ನೀರು ಹದವಾಗಿದ್ದರೂ ಎಳೆಯ ಬಳ್ಳಿ ಮೊದಲು ತುಂಬುವುದು ಗಡ್ಡೆಯನ್ನೇ. ಇದನ್ನು ಮರಾಮಾದ ದೋಷ ಎಂದು ಬರೆದವರಿದ್ದಾರೆ. ಬರ ತಾಳುವ ಗುಣವನ್ನು ಬಯಸಿ ಬಂದವರು, ಆ ಗುಣದ ಬೆಲೆಯಾದ ನಿಧಾನವನ್ನು ದೋಷ ಎನ್ನುವುದು ಅಷ್ಟೇನೂ ನ್ಯಾಯವಲ್ಲ. ಮೊದಲ ಕೆಲವು ವರ್ಷ ದಾಟಿದ ಬಳ್ಳಿ ಮುಂದೆ ದಶಕಗಳ ಕಾಲ ಉಳುಮೆ ಬಿತ್ತನೆಯ ಖರ್ಚಿಲ್ಲದೆ ಕಾಯಿ ಬಿಡುತ್ತದೆ. ಲೆಕ್ಕ ಹಾಕುವುದಾದರೆ ಹೊಲದ ಬೆಳೆಯ ಜೊತೆಗಿಂತ ಹುಣಸೆ, ಹೊಂಗೆಯಂಥ ಮರಗಳ ಜೊತೆ ಇಟ್ಟು ಲೆಕ್ಕ ಹಾಕುವುದು ಸರಿ.

ಈಗಿನ ಸಂಶೋಧನೆ ಎರಡು ದಾರಿಗಳಲ್ಲಿ ಸಾಗಿದೆ. ಒಂದು, ವಂಶವಾಹಿಗಳ ಅಧ್ಯಯನ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕಲಿಸ್ ಅವರ ತಂಡ ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳೊಂದಿಗೆ ಸೇರಿ ಮರಾಮಾದ ಜೀನೋಮ್ ಓದುವ ಕೆಲಸ ಮಾಡಿದೆ. ಬಳ್ಳಿಯ ಜೀವಕೋಶದಲ್ಲಿ 44 ವರ್ಣತಂತುಗಳಿವೆ; ಹಿಂದೆ ಎಂದೋ ಪೂರ್ಣ ಜೀನೋಮ್ ಇಮ್ಮಡಿಸಿದ ಗುರುತುಗಳೂ ಇವೆ. ಬೇರೆ ಬೇರೆ ಊರುಗಳ ಬಳ್ಳಿಗಳ ನಡುವೆ, ಒಂದೇ ಊರಿನ ಬಳ್ಳಿಗಳ ನಡುವೆಯೂ, ವೈವಿಧ್ಯ ಸಾಕಷ್ಟಿದೆ. ಬೇಗ ಹೂ ಬಿಡುವ, ಹೆಚ್ಚು ಕಾಯಿ ನಿಲ್ಲಿಸುವ ಬಳ್ಳಿಗಳನ್ನು ಆರಿಸಿ ತಳಿ ಮಾಡಲು ಈ ವೈವಿಧ್ಯವೇ ಬಂಡವಾಳ. ಇನ್ನೊಂದು ದಾರಿ ಅಡುಗೆಮನೆಯದು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದಲ್ಲಿ ಹುರಿದ ಕಾಳಿನಿಂದ ಸೋಯಾ ಹಾಲಿನಂಥ ಪಾನೀಯ, ಎಣ್ಣೆ ತೆಗೆದ ಹಿಟ್ಟು, ಆ ಹಿಟ್ಟನ್ನು ಜೋಳದ ಹಿಟ್ಟಿಗೆ ಬೆರೆಸಿದ ಅಂಬಲಿ ಮಾಡಿ ನೋಡಿದ್ದಾರೆ. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಮರಾಮಾ ಒದಗಿಸುತ್ತದೆ. ಜೋಳದ ರೊಟ್ಟಿಗೆ ಕಾಳುಪಲ್ಯ ಜೋಡಿಯಾಗುವ ಉತ್ತರ ಕರ್ನಾಟಕದ ತಟ್ಟೆಯಲ್ಲಿರುವುದೂ ಇದೇ ಲೆಕ್ಕ.

ಕಾಳು ಪೇಟೆಗೆ ಬಂದರೆ ಲಾಭ ಯಾರದ್ದು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಹಳೆಯ ಗಾಯದ ನೆನಪಿದೆ. ಹಸಿವು ತಣಿಸಲು ಸ್ಯಾನ್ ಜನ ಜಗಿಯುತ್ತಿದ್ದ ಹೂಡಿಯಾ ಎಂಬ ಕಳ್ಳಿಯಂಥ ಗಿಡದ ಸತ್ವಕ್ಕೆ ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು 1990ರ ದಶಕದಲ್ಲಿ ಪೇಟೆಂಟ್ ಪಡೆದಾಗ ಆ ಜನರನ್ನು ಯಾರೂ ಕೇಳಿರಲಿಲ್ಲ. ಗದ್ದಲವಾದ ಮೇಲೆ 2003ರಲ್ಲಿ ಲಾಭ ಹಂಚಿಕೆಯ ಒಪ್ಪಂದವಾಯಿತು. ಮರಾಮಾದ ಮಟ್ಟಿಗೆ ನೆಲದ ಪ್ರಶ್ನೆಯೂ ಸೇರಿಕೊಂಡಿದೆ. ಬೋಟ್ಸ್ವಾನದ ಮಧ್ಯ ಕಲಹಾರಿ ಅಭಯಾರಣ್ಯದಿಂದ 2002ರಲ್ಲಿ ಹೊರಹಾಕಲಾಗಿದ್ದ ಸ್ಯಾನ್ ಜನರ ಪರವಾಗಿ ಅಲ್ಲಿನ ಹೈಕೋರ್ಟ್ 2006ರಲ್ಲಿ ತೀರ್ಪು ಕೊಟ್ಟಿತು. ನಮೀಬಿಯಾದಲ್ಲಿ ನೈ ನೈ ಪ್ರದೇಶ 1998ರಲ್ಲಿ ಸಮುದಾಯವೇ ನಡೆಸುವ ಸಂರಕ್ಷಣಾ ಕ್ಷೇತ್ರವಾಯಿತು. ಮಿಕ್ಕ ಕಡೆ ಬೇಲಿ ಹಾಕಿದ ದನದ ಫಾರಂಗಳು ಹಬ್ಬಿವೆ. ದನಗಳು ಮರಾಮಾದ ಎಲೆಯನ್ನು ಮೇಯುತ್ತವೆ, ಕಾಳು ಆಯುವ ಹೆಂಗಸರು ಬೇಲಿ ದಾಟುವಂತಿಲ್ಲ. ಬೀಜವನ್ನು ಪೂರ್ತಿ ಆಯ್ದುಬಿಟ್ಟರೆ ಹೊಸ ಬಳ್ಳಿ ಹುಟ್ಟುವುದಿಲ್ಲ. ಮುದಿ ಗಡ್ಡೆಗಳು ಉಳಿದಿರುವ ತನಕ ಆ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ.

2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ ಕಾಡುಸಸ್ಯವನ್ನು ಸಂಶೋಧನೆಗೋ ವ್ಯಾಪಾರಕ್ಕೋ ಒಯ್ಯುವವರು ಆ ದೇಶದ ಅನುಮತಿ ಪಡೆದು, ಅದರ ಜ್ಞಾನವನ್ನು ಉಳಿಸಿಕೊಂಡು ಬಂದ ಸಮುದಾಯದೊಂದಿಗೆ ಲಾಭ ಹಂಚಿಕೆಯ ಕರಾರು ಮಾಡಿಕೊಳ್ಳಬೇಕು. ಮರಾಮಾದಿಂದ ಹೊಸ ತಳಿ ಹುಟ್ಟಿದ ದಿನ ಈ ನಿಯಮ ಅದಕ್ಕೂ ಅನ್ವಯಿಸುತ್ತದೆ. ಸದ್ಯಕ್ಕೆ ಬೋಟ್ಸ್ವಾನ, ನಮೀಬಿಯಾಗಳಲ್ಲಿ ತಿನ್ನುತ್ತಿರುವ ಮರಾಮಾ ಕಾಳು ಬಯಲಿನಿಂದ ಕೈಯಲ್ಲಿ ಆಯ್ದು ತಂದದ್ದೇ.